ಮೂರನೇ ಒಂದು ಭಾಗ ಮುಗಿಸಿದವನಿಗೆ ಬಿಡುಗಡೆ: 479ರ ಅರ್ಜಿ ನಡೆಸಿದ ಅನುಭವ

ಕಾನೂನು ನೆರವಿನ ವಕೀಲನಾಗಿ ಜೈಲಿಗೆ ಹೋದಾಗ ನಾನು ಮೊದಲು ಕೇಳುವುದು ಮೂರು ಪ್ರಶ್ನೆ: ಯಾವ ಸೆಕ್ಷನ್, ಯಾವತ್ತು ಒಳಗೆ ಬಂದೆ, ಹಿಂದೆ ಶಿಕ್ಷೆ ಆಗಿದೆಯಾ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 436ಎ ಪ್ರಕಾರ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಜೈಲಿನಲ್ಲಿ ಕಳೆದ ವಿಚಾರಣಾಧೀನ ಕೈದಿಗೆ ಬಿಡುಗಡೆಯ ದಾರಿ ಇತ್ತು. ಅದರ ಜಾಗಕ್ಕೆ 2024ರ ಜುಲೈ 1ಕ್ಕೆ ಜಾರಿಯಾದ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 479ರಲ್ಲಿ, ಹಿಂದೆ ಎಂದೂ ಶಿಕ್ಷೆಯಾಗದವನಿಗೆ ಮೂರನೇ ಒಂದು ಭಾಗ ಸಾಕು. ಅದೂ ಸ್ವಂತ ಬಾಂಡ್ ಮೇಲೆ, ಶ್ಯೂರಿಟಿ (ಜಾಮೀನುದಾರ) ಬೇಕಿಲ್ಲ. ಮರಣದಂಡನೆ, ಜೀವಾವಧಿ ಶಿಕ್ಷೆಯ ಕೇಸುಗಳು ಇದರಿಂದ ಹೊರಗೆ. ಹಳೆ ಕೇಸುಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 23ರಂದು ಆದೇಶಿಸಿತು.

ನನ್ನ ಕಕ್ಷಿದಾರ ರಾಯಚೂರು ಕಡೆಯ ಹುಡುಗ, ಬೆಂಗಳೂರಿನ ಗೋದಾಮೊಂದರಲ್ಲಿ ಹಮಾಲಿ. ಮಾಲೀಕರ ಮಾಲು ಕದ್ದ, ಬೆದರಿಕೆ ಹಾಕಿದ ಎಂದು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 381 ಮತ್ತು 506ರ ಆರೋಪ. ಜಾಮೀನು ಯಾವಾಗಲೋ ಸಿಕ್ಕಿತ್ತು, ಇಬ್ಬರು ಜಾಮೀನುದಾರರನ್ನು ಕೊಡಬೇಕೆಂಬ ಷರತ್ತಿನ ಮೇಲೆ. "ನಮ್ಮ ಹೆಸರಿಗೆ ಒಂದು ಗುಂಟೆನೂ ಇಲ್ರೀ ಸರ, ಪಹಣಿ ಎಲ್ಲಿಂದ ತರ್ಲಿ?" ಎಂದು ಅವನ ತಾಯಿ ಫೋನಿನಲ್ಲಿ ಅತ್ತಿದ್ದರು. ಬೇರೆ ಜಿಲ್ಲೆಯ ಜಾಮೀನುದಾರ ಬೇಡ ಎನ್ನುವುದು, ಬಡವನಿಗೆ ದೊಡ್ಡ ಮೊತ್ತ ಹೇರುವುದು ತಪ್ಪೆಂದು ಮೋತಿ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೇಳಿತ್ತು. ಇವತ್ತಿಗೂ ಅದೇ ಪಾಡು ಎನ್ನುವುದು ನನಗೆ ಸಹಿಸಲಾಗದ ಸಂಗತಿ.

381ಕ್ಕೆ ಗರಿಷ್ಠ ಏಳು ವರ್ಷ, ಮೂರನೇ ಒಂದು ಭಾಗ ಎಂದರೆ 2 ವರ್ಷ 4 ತಿಂಗಳು. ಹುಡುಗ ಅದನ್ನು ದಾಟಿದ್ದ. ಆರೋಪಿಯೇ ಎಳೆದಾಡಿದ ಕಾಲವನ್ನು ಲೆಕ್ಕದಿಂದ ಕಳೆಯಬೇಕೆಂದು ಕಾನೂನಿನಲ್ಲೇ ಇದೆ. ಪ್ರಾಸಿಕ್ಯೂಷನ್ ಹಿಡಿಯುವುದೇ ಇಲ್ಲಿ. ಹಾಗಾಗಿ ಕೇಸಿನ ಪ್ರತಿ ದಿನಾಂಕದ ದಾಖಲೆಯಾದ ಇಡೀ ಆರ್ಡರ್ ಶೀಟಿನ ದೃಢೀಕೃತ ನಕಲು ತೆಗೆಸಿ, ಒಂದೊಂದು ವಾಯಿದೆಯ (ಮುಂದೂಡಿಕೆಯ) ಎದುರಿಗೂ ಕಾರಣ ಬರೆದೆ: ಜೈಲಿನಿಂದ ಕರೆತರಲು ಪೊಲೀಸ್ ಎಸ್ಕಾರ್ಟ್ ಇಲ್ಲ, ಸಾಕ್ಷಿ ಬಂದಿಲ್ಲ, ಸಮನ್ಸ್ ಜಾರಿಯಾಗಿಲ್ಲ, ಮತ್ತೆ ಎಸ್ಕಾರ್ಟ್ ಇಲ್ಲ. ಆರೋಪಿ ಕೇಳಿ ಪಡೆದ ವಾಯಿದೆ ಒಂದೂ ಸಿಗಲಿಲ್ಲ. ಆ ಪಟ್ಟಿಯನ್ನೇ ಮೆಮೊ ಮಾಡಿ, ಎಷ್ಟು ಕಾಲ ಒಳಗಿದ್ದಾನೆಂದು ತೋರಿಸುವ ಕಸ್ಟಡಿ ಸರ್ಟಿಫಿಕೇಟ್ ಜೊತೆ ಹಾಕಿದೆ.

ನಿಜವಾದ ಜಗಳ ಎದ್ದಿದ್ದು 479ರ ಉಪಕಲಂ 2ರ ಮೇಲೆ. ಒಂದಕ್ಕಿಂತ ಹೆಚ್ಚು ಅಪರಾಧದ ಅಥವಾ ಹಲವು ಕೇಸುಗಳ ವಿಚಾರಣೆ ಬಾಕಿ ಇದ್ದರೆ ಬಿಡುವಂತಿಲ್ಲ ಎನ್ನುತ್ತದೆ ಅದು. 436ಎಯಲ್ಲಿ ಈ ತಡೆ ಇರಲಿಲ್ಲ. "ಇಲ್ಲಿ ಎರಡು ಸೆಕ್ಷನ್ ಇವೆ, ಅರ್ಜಿ ನಿಲ್ಲುವುದಿಲ್ಲ" ಎಂದರು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು). ಒಂದೇ ಸೆಕ್ಷನ್ ಇರುವ ಎಫ್‌ಐಆರ್ ನಮ್ಮಲ್ಲಿ ಎಷ್ಟು ಸಿಗುತ್ತವೆ ಸ್ವಾಮಿ ಎಂದು ಕೇಳಿದೆ. ಒಂದೇ ಘಟನೆ, ಒಂದೇ ಚಾರ್ಜ್‌ಶೀಟ್. ಪೊಲೀಸರು 506 ಸೇರಿಸಿದ ಮಾತ್ರಕ್ಕೆ ಹಕ್ಕು ಹೋಗುವುದಾದರೆ 479 ಕಾಗದದ ಮೇಲಷ್ಟೇ ಉಳಿಯುತ್ತದೆ ಎಂದು ವಾದಿಸಿದೆ. ಮ್ಯಾಜಿಸ್ಟ್ರೇಟರು ಒಪ್ಪಿ, ಸ್ವಂತ ಬಾಂಡ್ ಮೇಲೆ ಬಿಡುಗಡೆಗೆ ಆದೇಶಿಸಿದರು.

ಎಲ್ಲ ಕಡೆ ಹೀಗಾಗುವುದಿಲ್ಲ. ಇಂಥದ್ದೇ ಇನ್ನೊಂದು ಅರ್ಜಿ ಇದೇ ಉಪಕಲಂ ಹೆಸರಿನಲ್ಲಿ ವಜಾ ಆಯಿತು, ಅದನ್ನು ಹೈಕೋರ್ಟಿಗೆ ಒಯ್ದಿದ್ದೇವೆ. ಕೋರ್ಟಿನಿಂದ ಕೋರ್ಟಿಗೆ ಅರ್ಥ ಬದಲಾಗದಂತೆ, "ಒಂದಕ್ಕಿಂತ ಹೆಚ್ಚು ಅಪರಾಧ" ಎಂಬ ಭಾಗವನ್ನು ಸಂಸತ್ತು ತೆಗೆದುಹಾಕಬೇಕು. ಅಲ್ಲಿಯವರೆಗೆ ಇಂಥ ಅರ್ಜಿ ಹಾಕುವ ಗೆಳೆಯರು ವಾಯಿದೆಗಳ ಪಟ್ಟಿಯನ್ನು ಮೊದಲ ದಿನವೇ ಲಗತ್ತಿಸಲಿ.