ಮಾಳಿಗೆಯ ಮೇಲೊಂದು ಡಬ್ಬಿ ಇಡಿ, ಕೆಂಧೂಳು ಕಡಲಿಗೆ ಹೋಗುವ ದಾರಿ ನೋಡಿ

ಮೊದಲು ಎರಡು ಬಿಳಿ ಪ್ಲಾಸ್ಟಿಕ್ ಡಬ್ಬಿ ಹುಡುಕಿ. ಬಾಯಿ ಅಗಲ ಇರಲಿ, ಮುಚ್ಚಳ ಇರಲಿ, ಖಾಲಿ ಐಸ್‌ಕ್ರೀಮ್ ಡಬ್ಬಿಯಾದರೂ ನಡೆಯುತ್ತದೆ. ಸ್ಟೀಲ್ ಮಾತ್ರ ಬೇಡ.

ಬಳ್ಳಾರಿಯಲ್ಲಿ ಧೂಳು ಹಿಡಿಯೋಕೆ ಡಬ್ಬಿ ಯಾಕೆ, ಸುಮ್ನೆ ರಸ್ತೆಯಲ್ಲಿ ನಿಂತರೆ ಸಾಕು ಅಂತೀರಾ? ನಿಜ. ಸಂಡೂರು ಕಡೆ ಕಬ್ಬಿಣದ ಅದಿರು ಲಾರಿಯ ಹಿಂದೆ ಬೈಕ್‌ನಲ್ಲಿ ಹೋಗಿ ಬಂದವರಿಗೆ, ಮನೆಯಲ್ಲಿ ಅಂಗಿ ಒಗೆಯುವವರು ಏನಂತಾರೆ ಅನ್ನುವುದು ಚೆನ್ನಾಗಿ ಗೊತ್ತು. ಆದರೆ ನಾವು ಬೈದು ಒರೆಸಿ ಹಾಕುವ ಈ ಕಬ್ಬಿಣಕ್ಕೆ ನಡುಗಡಲಿನಲ್ಲಿ ಬರ. ಅಲ್ಲಿನ ಮೇಲ್ಮೈ ನೀರನ್ನು ಬೇಸಿಗೆಯಲ್ಲಿ ನಮ್ಮ ಓಣಿಗೆ ಬರುವಂಥ ಹತ್ತು ಸಾವಿರ ಲೀಟರಿನ ಟ್ಯಾಂಕರ್‌ನಲ್ಲಿ ತುಂಬಿಸಿದರೂ, ಅದರಲ್ಲಿ ಕರಗಿದ ಕಬ್ಬಿಣ ಸಾಮಾನ್ಯವಾಗಿ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಆ ಚೂರನ್ನು ನಂಬಿಕೊಂಡೇ ಕಣ್ಣಿಗೆ ಕಾಣದ ಪಾಚಿ ಬದುಕುತ್ತದೆ, ಪಾಚಿಯನ್ನು ನಂಬಿಕೊಂಡು ಮೀನು. ಹೊಳೆ ತಂದ ಕಬ್ಬಿಣ ಬಹುಪಾಲು ದಡದ ಹತ್ತಿರವೇ ತಳ ಸೇರುತ್ತದೆ. ಹಾಗಾಗಿ ದೂರದ ಕಡಲು ಆಕಾಶ ನೋಡುತ್ತಾ ಕೂರಬೇಕು, ನಮ್ಮ ಮಳೆಯಾಶ್ರಿತ ಹೊಲದ ಥರ.

ಸರಿ, ಡಬ್ಬಿಗೆ ಬರೋಣ. ಎರಡನ್ನೂ ತೊಳೆದು, ಎರಡೆರಡು ಇಂಚು ನೀರು ಹಾಕಿ. ಬೋರ್‌ವೆಲ್ ನೀರು ಬೇಡ, ಫಿಲ್ಟರ್ ನೀರಿನ ಕ್ಯಾನ್‌ನಿಂದ ತೆಗೆದುಕೊಳ್ಳಿ. ನೀರು ಯಾಕೆ ಅಂದರೆ, ಒಣ ಡಬ್ಬಿಗೆ ಬಿದ್ದ ಧೂಳು ಮತ್ತೆ ಹಾರಿಹೋಗುತ್ತದೆ, ನೀರಿಗೆ ಬಿದ್ದದ್ದು ಹೋಗುವುದಿಲ್ಲ. ಕಡಲೂ ಹಾಗೆಯೇ ತಾನೇ. ಮಾಳಿಗೆಯ ಮೇಲೆ ಸ್ವಲ್ಪ ಎತ್ತರದಲ್ಲಿ ಎರಡನ್ನೂ ಇಡಿ. ಒಂದನ್ನು ತೆರೆದಿಡಿ, ಇನ್ನೊಂದರ ಮುಚ್ಚಳ ಹಾಕಿ. ನಮ್ಮ ಬಿಸಿಲಿಗೆ ತೆರೆದ ಡಬ್ಬಿಯ ನೀರು ವಾರ ನಿಲ್ಲುವುದು ಕಷ್ಟ, ದಿನಾ ಸಂಜೆ ಒಂದಿಷ್ಟು ಹಾಕುತ್ತಿರಿ.

ಮುಚ್ಚಿದ ಡಬ್ಬಿ ಏನು ಮಾಡುತ್ತದೆ? ಅದು ನಿಮ್ಮ ಸಾಕ್ಷಿ. ಅದರಲ್ಲೂ ಏನಾದರೂ ಸಿಕ್ಕರೆ, ಅದು ಗಾಳಿಯಿಂದ ಬಂದದ್ದಲ್ಲ, ನೀರಿನದೋ ಡಬ್ಬಿಯದೋ ಕೊಳೆ ಅಂತ ಅರ್ಥ. ನಾನು ಮೊದಲ ಸಲ ಈ ಕೆಲಸ ಮಾಡಿದಾಗ ಡಬ್ಬಿಯ ತಳದಲ್ಲಿ ರಾಶಿ ರಾಶಿ ಕಪ್ಪು ಚೂರು ಸಿಕ್ಕಿತ್ತು. ಮ್ಯಾಗ್ನೆಟ್ ಹಿಡಿದರೆ ಮುಳ್ಳಿನ ಹಾಗೆ ನೆಟ್ಟಗೆ ನಿಲ್ಲುತ್ತಿತ್ತು. ಎರಡು ದಿನ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ. ಆಮೇಲೆ ಗೊತ್ತಾಯಿತು, ಆ ವಾರ ಪಕ್ಕದ ಮನೆಯಲ್ಲಿ ಹೊಸ ಗೇಟ್‌ಗೆ ಗ್ರೈಂಡಿಂಗ್ ನಡೆದಿತ್ತು.

ಕಡಲಿನ ವಿಜ್ಞಾನಿಗಳು ದಶಕಗಟ್ಟಲೆ ಹೆಣಗಿದ್ದೂ ಇದೇ ಗೇಟಿನ ಸಮಸ್ಯೆಯ ಜೊತೆಗೆ. ಅವರ ಹಡಗೇ ಕಬ್ಬಿಣ! ತುಕ್ಕು, ಚಿಮಣಿಯ ಹೊಗೆ, ಉಕ್ಕಿನ ಹಗ್ಗ, ಎಲ್ಲವೂ ನೀರಿಗೆ ಲೋಹ ಸೇರಿಸುತ್ತವೆ. ಹಳೆಯ ಅಳತೆಗಳಲ್ಲಿ ಎಷ್ಟೋ ಕಡೆ ಕಡಲಿನ ಲೋಹಕ್ಕಿಂತ ಹಡಗಿನ ಲೋಹವೇ ಜಾಸ್ತಿ ಇತ್ತು. ಅಮೆರಿಕದ ಕ್ಲೇರ್ ಪ್ಯಾಟರ್‌ಸನ್ ಸೀಸದ ವಿಷಯದಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಕೆಲಸದ ರೀತಿಯೇ ಬದಲಾಯಿತು. ಈಗ ಬಾಟಲಿಗಳನ್ನು ಆಸಿಡ್‌ನಲ್ಲಿ ನೆನೆಸಿ ತೊಳೆಯುತ್ತಾರೆ. ಧೂಳು ಹಿಡಿಯಲು ಗಾಳಿಯನ್ನು ಹಡಗಿನ ಮುಂಭಾಗದಲ್ಲೇ ಎಳೆದುಕೊಳ್ಳುತ್ತಾರೆ, ಅದೂ ಎದುರುಗಾಳಿ ಇದ್ದಾಗ ಮಾತ್ರ. ಗಾಳಿ ಹಿಂದಿನಿಂದ ತಿರುಗಿದರೆ ಪಂಪ್ ಬಂದ್.

ವಾರವಾದ ಮೇಲೆ ತೆರೆದ ಡಬ್ಬಿಯನ್ನು ಒಂದು ರಾತ್ರಿ ಅಲುಗಾಡಿಸದೆ ಇಟ್ಟು, ಮೇಲಿನ ನೀರು ಚೆಲ್ಲಿ, ತಳದ್ದನ್ನು ಬಿಳಿ ಹಾಳೆಯ ಮೇಲೆ ಒಣಗಿಸಿ. ಹಾಳೆಯ ಕೆಳಗೆ ಹಳೆ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿ. ಇಲ್ಲೊಂದು ತಮಾಷೆ ಇದೆ. ಕಪ್ಪು ಕಣಗಳು ಓಡಾಡುತ್ತವೆ, ಆದರೆ ಕೆಂಪು ಧೂಳು ಹೆಚ್ಚುಕಡಿಮೆ ಕದಲುವುದೇ ಇಲ್ಲ. ಹಾಗಂತ ಅದರಲ್ಲಿ ಕಬ್ಬಿಣ ಇಲ್ಲ ಅಂದುಕೊಳ್ಳಬೇಡಿ. ಸಂಡೂರಿನ ಕೆಂಪು ಅದಿರು ಹೆಮಟೈಟ್. ಅಪ್ಪಟ ಹೆಮಟೈಟ್‌ನ ತೂಕದಲ್ಲಿ ನೂರಕ್ಕೆ 70 ಪಾಲು ಕಬ್ಬಿಣವೇ, ಆದರೂ ಮ್ಯಾಗ್ನೆಟ್ಟಿಗೆ ಅದು ಅಷ್ಟಾಗಿ ಬಗ್ಗುವುದಿಲ್ಲ. ಓಡಾಡಿದ ಕಪ್ಪು ಕಣ ಮ್ಯಾಗ್ನೆಟ್ಟಿಗೆ ಅಂಟುವ ಮ್ಯಾಗ್ನೆಟೈಟ್ ಅದಿರು ಇರಬಹುದು, ಕಲ್ಲಿದ್ದಲ ಹಾರುಬೂದಿ ಇರಬಹುದು. ಅಥವಾ ಗೇಟು.

ಈಗ ಅಸಲಿ ವಿಷಯ. ನಿಮ್ಮ ಡಬ್ಬಿಗೆ ಬಿದ್ದದ್ದರಲ್ಲಿ ಹೆಚ್ಚಿನದು ಕಡಲಿಗೆ ಹೋಗಲಾರದ ಧೂಳು. ದಪ್ಪ ಕಣ ದೂರ ಹೋಗುವುದಿಲ್ಲ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಳ್ಳಿ. 10 ಮೈಕ್ರಾನಿನ ಕಣ ನಿಂತ ಗಾಳಿಯಲ್ಲೂ ದಿನಕ್ಕೆ ಕೆಲವು ನೂರು ಮೀಟರ್ ಕೆಳಗಿಳಿಯುತ್ತದೆ. 1 ಮೈಕ್ರಾನಿನದು ದಿನಕ್ಕೆ ಹತ್ತು ಮೀಟರ್ ಕೂಡ ಇಳಿಯುವುದಿಲ್ಲ. ಬಳ್ಳಾರಿಯಿಂದ ಕಾರವಾರದ ಕಡಲಿಗೆ ನೆಟ್ಟಗೆ ಸುಮಾರು 300 ಕಿ.ಮೀ. ಗಂಟೆಗೆ 20 ಕಿ.ಮೀ. ಗಾಳಿ ಸಿಕ್ಕರೆ 15 ಗಂಟೆಯ ದಾರಿ. ಸಣ್ಣ ಕಣಕ್ಕೆ ಇದೇನು ಮಹಾ.

ಆದರೆ ಗಾಳಿಯ ದಿಕ್ಕು ಸರಿ ಇರಬೇಕು. ಮುಂಗಾರಿನಲ್ಲಿ ಗಾಳಿ ಕಡಲಿಂದ ನಮ್ಮ ಕಡೆಗೇ ಬೀಸುತ್ತದೆ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ನೆಲದ ಧೂಳು, ಹೊಗೆ ಎರಡನ್ನೂ ಕಡಲಿಗೆ ಒಯ್ಯುತ್ತದೆ. 1999ರ ಚಳಿಗಾಲದಲ್ಲಿ ‘ಇಂಡೋಯೆಕ್ಸ್’ ಎಂಬ ದೊಡ್ಡ ಅಧ್ಯಯನ ನಡೆದಾಗ, ಹಿಂದೂ ಮಹಾಸಾಗರದ ಮೇಲೆ ನಮ್ಮ ಉಪಖಂಡದ ಹೊಗೆ ಕಂದು ಚಾದರದ ಹಾಗೆ ಹಾಸಿಕೊಂಡದ್ದು ಕಂಡಿತು. ಹಾಗಂತ ನಮ್ಮ ಕೆಂಧೂಳೇ ಅರಬ್ಬಿ ಸಮುದ್ರವನ್ನು ಸಾಕುತ್ತಿದೆ ಅಂತ ಎದೆ ಉಬ್ಬಿಸುವುದು ಬೇಡ. ಅಲ್ಲಿಗೆ ಬೀಳುವ ಧೂಳಿನ ದೊಡ್ಡ ಪಾಲು ಅರೇಬಿಯಾ ಕಡೆಯ ಮರುಭೂಮಿಗಳದು. ಇಡೀ ಜಗತ್ತಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 45 ಕೋಟಿ ಟನ್ ಧೂಳು ಕಡಲಿಗೆ ಬೀಳುತ್ತದೆ ಎಂಬ ಅಂದಾಜಿದೆ, ಅದರಲ್ಲಿ ಸಹಾರಾದ್ದೇ ಸಿಂಹಪಾಲು.

ಬಿದ್ದ ಮಾತ್ರಕ್ಕೆ ಪಾಚಿಗೆ ಊಟ ಸಿಗುವುದಿಲ್ಲ. ಕಬ್ಬಿಣ ಕರಗಬೇಕು. ಕಬ್ಬಿಣದ ಬಾಣಲೆಯಲ್ಲಿ ಬರೀ ನೀರನ್ನು ಸ್ವಲ್ಪ ಹೊತ್ತು ಬಿಡಿ, ಅಂಥದ್ದೇನೂ ಆಗುವುದಿಲ್ಲ. ಹುಣಸೆಹುಳಿ ಹಾಕಿದ ಸಾರು ಬಿಡಿ, ಕಪ್ಪಗಾಗಿ ಬಾಯಿಗಿಟ್ಟರೆ ಕಬ್ಬಿಣದ ರುಚಿ ಬಡಿಯುತ್ತದೆ. ಆಕಾಶದಲ್ಲಿ ಹುಣಸೆಹುಳಿಯ ಕೆಲಸ ಮಾಡುವುದು ಆಸಿಡ್. ಕಲ್ಲಿದ್ದಲು, ಡೀಸೆಲ್ ಹೊಗೆಯ ಗಂಧಕ ಮತ್ತು ಸಾರಜನಕದ ಅನಿಲಗಳು ಆಸಿಡ್ ಆಗಿ ಧೂಳಿನ ಕಣಕ್ಕೆ ಮೆತ್ತಿಕೊಳ್ಳುತ್ತವೆ. ಕಣ ಮೋಡದಲ್ಲಿ ನೆನೆದು, ಒಣಗಿ, ಮತ್ತೆ ನೆನೆದು, ಬಿಸಿಲಿಗೆ ಬೆಂದು ಹದವಾಗುತ್ತದೆ. ಮಾಮೂಲಿ ಮರಳುಗಾಡಿನ ಧೂಳಿನ ಕಬ್ಬಿಣ ನೂರಕ್ಕೆ ಒಂದೆರಡು ಪಾಲು ಕರಗಿದರೂ ದೊಡ್ಡದು. ಹೊಗೆಯಿಂದ ಬಂದ ಕಬ್ಬಿಣ ಅದಕ್ಕಿಂತ ಎಷ್ಟೋ ಸುಲಭವಾಗಿ ಕರಗುತ್ತದೆ. ಕೊಳಕು ಗಾಳಿಯೇ ಪಾಚಿಗೆ ಊಟ ಬಡಿಸುತ್ತದೆ ಅನ್ನುವುದು ನನಗೂ ಅಷ್ಟು ಹಿಡಿಸುವ ಮಾತಲ್ಲ, ಆದರೆ ವಿಷಯ ಹಾಗೇ ಇದೆ. ಅದೇ ಹೊಗೆಯಲ್ಲಿ ಸೀಸ, ತಾಮ್ರವೂ ಬರುತ್ತವೆ. ತಾಮ್ರ ಹೆಚ್ಚಾದರೆ ಕೆಲವು ಪಾಚಿಗೆ ವಿಷ. ಸೀಸದ ಪೆಟ್ರೋಲ್ ನಮ್ಮಲ್ಲಿ 2000ದಲ್ಲಿ ನಿಂತಿತು.

ಕೊನೆಯ ಹಂತಕ್ಕೆ ಭರಣಿ ಮಳೆಯವರೆಗೆ ಕಾಯಬೇಕು. ಒಣ ಧೂಳು ತಾನಾಗಿ ಇಳಿಯುವುದು ಒಂದು ದಾರಿ, ಮಳೆ ತೊಳೆದು ತರುವುದು ಇನ್ನೊಂದು. ತೀರಾ ಸಣ್ಣ ಕಣಕ್ಕೆ ಮಳೆಯೇ ಮುಖ್ಯ ದಾರಿ. ಕೆಲವು ಕಣದ ಸುತ್ತಲೇ ಮೋಡದ ಹನಿ ಕಟ್ಟುತ್ತದೆ, ಇನ್ನು ಕೆಲವನ್ನು ಬೀಳುವ ಹನಿ ದಾರಿಯಲ್ಲಿ ಎಳೆದುಕೊಂಡು ಬರುತ್ತದೆ. ಈ ಸಲ ಎರಡೂ ಡಬ್ಬಿಯನ್ನು ಒಣಗಿಸಿ, ಮುಚ್ಚಿಡಿ. ಹನಿ ಶುರುವಾದ ಕೂಡಲೇ ಒಂದನ್ನು ತೆಗೆಯಿರಿ, ಹತ್ತು ನಿಮಿಷಕ್ಕೆ ಮುಚ್ಚಿ. ಮಳೆ ಇನ್ನೂ ಇದ್ದರೆ, ಅರ್ಧ ಗಂಟೆ ಬಿಟ್ಟು ಇನ್ನೊಂದನ್ನು ತೆಗೆಯಿರಿ. ಮೊದಲನೆಯದು ಚಹಾದ ಬಣ್ಣಕ್ಕೆ ತಿರುಗಿದ್ದರೆ ಆಶ್ಚರ್ಯ ಪಡಬೇಡಿ, ಎರಡನೆಯದರಲ್ಲಿ ತಳ ಕಾಣುತ್ತದೆ. ಹಡಗಿನಲ್ಲಿ ಮಳೆ ಹಿಡಿಯುವವರದೂ ಇದೇ ಪಾಡು, ಹನಿ ಬಿದ್ದಾಗ ಮುಚ್ಚಳ ತೆಗೆಯಬೇಕು, ನಿಂತಾಗ ಮುಚ್ಚಬೇಕು. ಅದಕ್ಕೇ ಮೋಡ ಕವಿದ ಕೂಡಲೇ ಡಬ್ಬಿಯ ಪಕ್ಕದಲ್ಲೇ ಕೂತಿರಿ, ಬಳ್ಳಾರಿಯ ಮೊದಲ ಮಳೆ ಬಹಳ ಸಲ ಹತ್ತು ನಿಮಿಷ ಕೂಡ ಸುರಿಯುವುದಿಲ್ಲ.