ನೀಲಿ ಹಾಳೆಯ ಮೇಲೆ ನಮ್ಮ ಕಡಲು

ನಮ್ಮ ಕಡಲಿನ ಒಂದು ಭಾಗವನ್ನು ಕಡಲಾಮೆಯಂಥ ಜೀವಿಗಳಿಗೆಂದು ರಕ್ಷಿತ ಧಾಮ ಮಾಡುವ ಬಗ್ಗೆ ಮೊದಲ ಸಭೆ ನಡೆದದ್ದು ನಮ್ಮ ಮೀನುಗಾರರ ಸಂಘದ ಕೋಣೆಯಲ್ಲಿ. ಅರಣ್ಯ ಇಲಾಖೆಯಿಂದ ಇಬ್ಬರು, ಸಂಶೋಧನೆಗೆಂದು ಬಂದಿದ್ದ ಒಬ್ಬ ಹುಡುಗಿ, ನಮ್ಮ ಕಡೆಯಿಂದ ನಲವತ್ತು ಜನ. ಗೋಡೆಗೆ ಒಂದು ನಕ್ಷೆ ಅಂಟಿಸಿದರು. ದಡದ ಮೇಲೆ ಎಲ್ಲವೂ ಇತ್ತು: ಹೆದ್ದಾರಿ, ರೈಲು ಹಳಿ, ಶಾಲೆ, ದೇವಸ್ಥಾನ. ದಡ ದಾಟಿದರೆ ಬರೀ ನೀಲಿ. ಆ ನೀಲಿಯ ಮೇಲೆ ಕೆಂಪು ಶಾಯಿಯ ನಾಲ್ಕು ಗೆರೆ. 'ಇದಿನ್ನೂ ಕರಡು, ನಿಮ್ಮ ಅಭಿಪ್ರಾಯ ಹೇಳಿ' ಎಂದರು. ಹಿಂದಿನ ಸಾಲಿನಿಂದ ಯಾರೋ, 'ನಮ್ಮ ಮನೆಗೆ ಬೇಲಿ ಹಾಕಿ ಆಮೇಲೆ ಬಾಗಿಲು ಎಲ್ಲಿಡಲಿ ಎಂದು ಕೇಳುತ್ತೀರಾ' ಎಂದರು. ಹತ್ತು ನಿಮಿಷದಲ್ಲಿ ಸಭೆ ಮುರಿದುಬಿತ್ತು. ಕುರ್ಚಿಗಳನ್ನು ಮಡಚಿ ಹೊರಗಿಟ್ಟವರಲ್ಲಿ ನಾನೂ ಒಬ್ಬ.

ಹೊನ್ನಾವರ ತಾಲ್ಲೂಕಿನ ಕರಾವಳಿಯಲ್ಲಿ ನನ್ನದೊಂದು ನಾಡದೋಣಿ ಇದೆ. ಮೂವತ್ತು ವರ್ಷದಿಂದ ಬಲೆ ಬಿಡುತ್ತಿದ್ದೇನೆ. ಪಿಯುಸಿವರೆಗೆ ಓದಿದವನು ಎಂಬ ಒಂದೇ ಕಾರಣಕ್ಕೆ ಸಂಘದ ನಡಾವಳಿ ಪುಸ್ತಕ ನನ್ನ ಕೈಗೆ ಬಂತು. ಅಪ್ಸರಕೊಂಡ–ಮುಗಳಿ ಕಡಲಧಾಮದ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ನಮ್ಮ ಕರಾವಳಿಯ ಕೇರಿಕೇರಿಯಲ್ಲೂ ಇದೇ ಮಾತು. ಹೆದರಿಕೆಗೆ ಕಾರಣವೂ ಇತ್ತು. ನಮ್ಮವರಿಗೆ ಮಹಾರಾಷ್ಟ್ರದ ಮಾಲ್ವಣದ ಕಡೆ ನೆಂಟಸ್ತಿಕೆ ಇದೆ. ಅಲ್ಲಿ 1987ರಲ್ಲಿ 29 ಚದರ ಕಿಲೋಮೀಟರಿನಷ್ಟು ಕಡಲನ್ನು ಧಾಮವೆಂದು ಘೋಷಿಸಿದ್ದರು. ಮೀನುಗಾರರ ವಿರೋಧ ದಶಕಗಳ ಕಾಲ ತಣ್ಣಗಾಗಲಿಲ್ಲ. ಒಡಿಶಾದ ಗಹಿರ್‌ಮಾಥಾದಲ್ಲಿ ಆಮೆಗಳಿಗಾಗಿ ವರ್ಷದಲ್ಲಿ ಏಳು ತಿಂಗಳು ಮೀನುಗಾರಿಕೆ ನಿಲ್ಲಿಸುತ್ತಾರೆ ಎಂಬುದನ್ನೂ ಒಬ್ಬ ಹುಡುಗ ಮೊಬೈಲಿನಲ್ಲಿ ಓದಿ ಹೇಳಿದ. ನಮಗೆ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗಿನ 61 ದಿನದ ಮಳೆಗಾಲದ ರಜೆಯಲ್ಲೇ ಅಂಗಡಿಯ ಸಾಲ ತೀರುವುದಿಲ್ಲ.

ದಾರಿ ತಿರುಗಿದ್ದು ಕಾನೂನಿನ ಒಂದು ಸಾಲಿನಿಂದ. ಆ ಸಂಶೋಧಕಿ, ನಾವು ಬೈದು ಕಳುಹಿಸಿದ್ದರೂ ವಾರದ ನಂತರ ಒಬ್ಬಳೇ ಬಂದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರತಿ ಕೊಟ್ಟು, 'ಕಲಂ 26ಎ ಓದಿ, ಅಣ್ಣ' ಎಂದಳು. ಕಡಲಿನ ಭಾಗವನ್ನು ಧಾಮಕ್ಕೆ ಸೇರಿಸಬೇಕಾದರೆ ಕೇಂದ್ರದ ಒಪ್ಪಿಗೆ ಮೊದಲೇ ಬೇಕು, ನೌಕಾಪಡೆಯ ಜಲಮಾಪನ ಮುಖ್ಯಸ್ಥರೊಂದಿಗೆ ಸಮಾಲೋಚಿಸಬೇಕು. ಇವೆರಡು ನಮಗೆ ಸಂಬಂಧಿಸಿದ್ದಲ್ಲ. ಸಂಬಂಧಿಸಿದ್ದು ಮುಂದಿನ ಮಾತು: ಸ್ಥಳೀಯ ಮೀನುಗಾರರ ವೃತ್ತಿಯ ಹಿತ ಕಾಪಾಡಲು ಸಾಕಷ್ಟು ಕ್ರಮ ಕೈಗೊಂಡ ಮೇಲೆಯೇ ಗಡಿ ಗೊತ್ತುಮಾಡಬೇಕು. ನಾನು ಅದನ್ನು ಮೂರು ಸಲ ಓದಿದೆ. ನಮ್ಮ ವೃತ್ತಿ ಎಲ್ಲಿ ನಡೆಯುತ್ತದೆ ಎಂಬುದೇ ಅವರ ನಕ್ಷೆಯಲ್ಲಿ ಇಲ್ಲದಿದ್ದರೆ ಕಾಪಾಡುವುದು ಏನನ್ನು? ಹಾಗಾದರೆ ಆ ನೀಲಿಯನ್ನು ತುಂಬಿಸಬೇಕಾದವರು ನಾವೇ.

ಹೇಳುವುದು ಸುಲಭ. ಕಡಲಿನಲ್ಲಿ ಮೀನು ನಿಲ್ಲುವ ಜಾಗ ಎಂದರೆ ಮನೆಯ ತಿಜೋರಿಯ ಕೀಲಿ. ಅಪ್ಪ ಮಗನಿಗೆ ಹೇಳುತ್ತಾನೆ, ಅದೂ ಮಗ ಹುಟ್ಟು ಹಿಡಿದು ನಾಲ್ಕು ವರ್ಷ ಕಳೆದ ಮೇಲೆ. ನಮ್ಮ ದೊಡ್ಡಪ್ಪನಿಗೆ ಈಗ ಎಂಬತ್ತರ ಹತ್ತಿರ. ಹುಡುಗನಾಗಿದ್ದಾಗ ರಂಪಣಿ ಎಳೆದವರು. ದಡದಲ್ಲಿ ಊರಿಗೆ ಊರೇ ನಿಂತು ಎಳೆಯುತ್ತಿದ್ದ ಆ ಬಲೆ, ಎಪ್ಪತ್ತರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಮೂಲೆ ಸೇರಿದ್ದನ್ನು ಕಣ್ಣಾರೆ ಕಂಡವರು. ನಕ್ಷೆಯ ಮಾತು ತೆಗೆದಾಗ ಅವರು ಬಲೆಯ ಗಂಟಿನಿಂದ ತಲೆ ಎತ್ತದೆ, 'ಆಗಲೂ ಒಳ್ಳೆಯದಕ್ಕೆ ಎಂದೇ ಹೇಳಿದ್ದರು, ತಮ್ಮಾ' ಎಂದರು. ಅಷ್ಟೇ. ಎರಡು ತಿಂಗಳು ಬೇರೇನೂ ಹೇಳಲಿಲ್ಲ.

ಕೊನೆಗೆ ಸಂಘದಲ್ಲಿ ಷರತ್ತು ಬರೆದುಕೊಂಡೆವು. ಮೀನು ನಿಲ್ಲುವ ಕಡಲಡಿಯ ಕಲ್ಲುಗಳ ಹೆಸರು, ಗುರುತು, ಆಳ ಇರುವ ಮೂಲ ನಕ್ಷೆ ಸಂಘದ ಕಪಾಟಿನಿಂದ ಹೊರಗೆ ಹೋಗಬಾರದು. ಇಲಾಖೆಗೆ ಕೊಡುವುದು ಚೌಕಳಿ ಹಾಕಿದ ಇನ್ನೊಂದು ಹಾಳೆ; ಯಾವ ಚೌಕದಲ್ಲಿ ಯಾವ ತಿಂಗಳು ಯಾವ ಬಲೆ ಎಂದಷ್ಟೇ ಅದರಲ್ಲಿ ಇರಬೇಕು. ಯಾರೂ ಫೋಟೋ ತೆಗೆಯಬಾರದು. ಸಂಶೋಧಕಿಯೂ ಸಹಿ ಹಾಕಿದಳು. ಅವಳ ಮೇಲಿನವರಿಗೆ ಇದು ಇಷ್ಟವಾಗಲಿಲ್ಲ ಎಂದು ಆಮೇಲೆ ತಿಳಿಯಿತು. ನಿಖರವಾದ ಜಾಗ ಬೇಕೆಂದು ಪತ್ರ ಬಂತು. ನಾವು ಉತ್ತರಿಸಲಿಲ್ಲ. ಈ ಕೆಲಸಕ್ಕೆ ಇಳಿಯುವ ಬೇರೆ ಊರಿನವರಿಗೆ ನಾನು ಹೇಳುವ ಮೊದಲ ಮಾತು ಇದೇ: ಷರತ್ತನ್ನು ಮೊದಲು ಬರೆಯಿರಿ, ಪೆನ್ಸಿಲನ್ನು ಆಮೇಲೆ ಹಿಡಿಯಿರಿ. ಇವತ್ತು ಆಮೆಗೆಂದು ಕೊಟ್ಟ ನಕ್ಷೆ ನಾಳೆ ಬಂದರು ಕಟ್ಟುವವನ ಮೇಜಿನ ಮೇಲೆ ಇರಬಹುದು.

ಶುರುಮಾಡಿದ್ದು ಮಳೆಗಾಲದ ರಜೆಯಲ್ಲಿ, ಎಲ್ಲರೂ ಮನೆಯಲ್ಲಿದ್ದಾಗ. ಮೊದಲು ಕಾಗದ ಹಿಡಿದು ಕುಳಿತೆವು, ಯಾರೂ ಬಾಯಿ ಬಿಡಲಿಲ್ಲ. ಒಂದು ದಿನ ಮಳೆ ಬಿಟ್ಟಾಗ ಮರಳಿನ ಮೇಲೆ ಕೋಲಿನಿಂದ ದಡದ ಗೆರೆ ಎಳೆದೆ. ಒಬ್ಬ ಬಂದು ಕಾಲಿನಿಂದ ಅಳಿಸಿ, 'ಅಳಿವೆ ಇಷ್ಟು ಅಗಲ ಇಲ್ಲ' ಎಂದ. ಇನ್ನೊಬ್ಬ ಚಿಪ್ಪು ತಂದು ಕಲ್ಲಿನ ಜಾಗದಲ್ಲಿ ಇಟ್ಟ. ಅರ್ಧ ಗಂಟೆಯಲ್ಲಿ ಮೂವತ್ತು ಚಿಪ್ಪು, ಎರಡು ಜಗಳ. ದೊಡ್ಡಪ್ಪ ದೂರದಲ್ಲಿ ಬೀಡಿ ಸೇದುತ್ತಾ ಕುಳಿತಿದ್ದವರು ಎದ್ದು ಬಂದು, ಮಾತಾಡದೆ ಒಂದು ಚಿಪ್ಪನ್ನು ಮೂರು ಗೇಣು ತೆಂಕಣಕ್ಕೆ ಸರಿಸಿ ಹೋದರು.

ಆಗಸ್ಟಿನಲ್ಲಿ ಕಡಲು ತಿಳಿಯಾದ ಮೇಲೆ ಜಿಪಿಎಸ್ ಹಿಡಿದುಕೊಂಡು ದೋಣಿಯಲ್ಲಿ ಹೋದೆವು. ದೊಡ್ಡಪ್ಪ ಅಣಿಯದಲ್ಲಿ, ಅಂದರೆ ದೋಣಿಯ ಮುಂದಿನ ತುದಿಯಲ್ಲಿ, ಕುಳಿತಿದ್ದರು. ನಮ್ಮ ಗುರುತು ಹಿಡಿಯುವ ಕ್ರಮ ಸರಳ: ದಡದ ಹತ್ತಿರದ ಒಂದು ವಸ್ತು, ಅದರ ಹಿಂದೆ ದೂರದ ಇನ್ನೊಂದು ವಸ್ತು, ಎರಡೂ ಒಂದೇ ಸಾಲಿಗೆ ಬರಬೇಕು. ಇನ್ನೊಂದು ದಿಕ್ಕಿನಲ್ಲೂ ಹಾಗೆಯೇ. ಎರಡು ಸಾಲು ಕೂಡುವಲ್ಲಿ ಕಲ್ಲು. ಉದಾಹರಣೆಗೆ ದೇವಸ್ಥಾನದ ಧ್ವಜಸ್ತಂಭದ ಹಿಂದೆ ಗುಡ್ಡದ ಕೋಡು ಬರಬೇಕು. ಅವತ್ತು ಧ್ವಜಸ್ತಂಭ ಇತ್ತು, ಗುಡ್ಡದ ಕೋಡು ಇರಲಿಲ್ಲ. ಹೆದ್ದಾರಿ ಅಗಲ ಮಾಡುವಾಗ ಕಡಿದಿದ್ದರು. ದೊಡ್ಡಪ್ಪ ಅಂಗೈಯನ್ನು ಹುಬ್ಬಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಎಡಕ್ಕೆ ಕೈ ಮಾಡಿದರು. ಸೀಸದ ಗುಂಡು ಇಳಿಸಿದೆವು. ಒಂಬತ್ತು ಮಾರಿಗೆ ಟಣ್ ಎಂದು ತಾಗಿತು. ಸುತ್ತ ಹನ್ನೆರಡು ಮಾರು ನೀರು. ಸಂಶೋಧಕಿ ಜಿಪಿಎಸ್ ಗುಂಡಿ ಒತ್ತಲು ಹೋಗಿ, ನನ್ನ ಮುಖ ನೋಡಿ, 'ಒತ್ತಲೇ?' ಎಂದು ಕೇಳಿದಳು. ಆ ಹುಡುಗಿಯ ಮೇಲೆ ನನಗೆ ನಂಬಿಕೆ ಬಂದದ್ದು ಆಗ.

ದೊಡ್ಡ ತಪ್ಪೊಂದನ್ನು ನಾವೇ ಮಾಡಿದೆವು. ನಕ್ಷೆ ಮುಗಿಯಿತು ಎಂದು ಸಂಘದಲ್ಲಿ ಹರಡಿದ ದಿನ, ಮೀನು ಮಾರುವ ಅಕ್ಕ ಒಬ್ಬರು ಬಾಗಿಲಲ್ಲಿ ನಿಂತು ನೋಡಿ, 'ಇದರಲ್ಲಿ ನಾವು ಎಲ್ಲಿದ್ದೇವೆ?' ಎಂದು ಕೇಳಿದರು. ಮೀನು ಒಣಗಿಸುವ ಮರಳು, ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ದಿಬ್ಬ, ಕಲ್ಲಿಗೆ ಅಂಟಿದ ಕಲಗದ ಚಿಪ್ಪು ಕೀಳುವ ಜಾಗ, ಯಾವುದೂ ಇರಲಿಲ್ಲ. ದೋಣಿಯಲ್ಲಿ ಹೋಗುವವರಿಗೆ ದಡ ಎಂದರೆ ಹೊರಡುವ ಜಾಗ ಮಾತ್ರ. ಮತ್ತೆ ಒಂದು ತಿಂಗಳು ಕೆಲಸ ಹಿಡಿಯಿತು. ಕೊನೆಗೆ ಅತಿ ಹೆಚ್ಚು ತಕರಾರು ಇದ್ದದ್ದೂ ಆ ಮರಳಿನ ಪಟ್ಟಿಯಲ್ಲೇ, ಏಕೆಂದರೆ ಕಡಲಾಮೆ ಮೊಟ್ಟೆ ಇಡಲು ಬರುವುದೂ ಅಲ್ಲಿಗೇ.

ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟ ಸಭೆಯಲ್ಲಿ ಯಾರೂ ಕುರ್ಚಿ ಎತ್ತಲಿಲ್ಲ. ನಮ್ಮ ಚೌಕಗಳ ಪಕ್ಕದಲ್ಲಿ ಅವರ ಆಮೆ ಗೂಡಿನ ಚುಕ್ಕಿಗಳು. ನೋಡಿದರೆ ಗುದ್ದಾಟ ಇರುವುದು ಇಡೀ ಕಡಲಿನಲ್ಲಿ ಅಲ್ಲ. ದಡಕ್ಕೆ ಹತ್ತಿರದ ಒಂದು ಪಟ್ಟಿಯಲ್ಲಿ, ಚಳಿಗಾಲದ ಕೆಲವು ತಿಂಗಳು. ಆಲಿವ್ ರಿಡ್ಲಿ ಆಮೆ ಉಸಿರಿಗೆ ಮೇಲೆ ಬರಲೇಬೇಕು. ಸಂಜೆ ಬಿಟ್ಟ ಬಲೆಯನ್ನು ಬೆಳಗ್ಗೆ ಎಳೆದರೆ ಅದರಲ್ಲಿ ಸಿಕ್ಕಿದ ಆಮೆ ಸತ್ತಿರುತ್ತದೆ. ಬಲೆಯ ಹತ್ತಿರವೇ ಕಾದು ಆಗಾಗ ಎಳೆದರೆ ಬದುಕಿರುತ್ತದೆ. ಆದ್ದರಿಂದ ಡಿಸೆಂಬರಿನಿಂದ ಮಾರ್ಚ್‌ವರೆಗೆ ಆ ಪಟ್ಟಿಯಲ್ಲಿ ರಾತ್ರಿಯಿಡೀ ಬಲೆ ಬಿಟ್ಟು ಮನೆಗೆ ಬರಬಾರದು ಎಂದು ನಾವೇ ಠರಾವು ಮಾಡಿದೆವು. ಇಲಾಖೆಯವರು ಗೂಡಿನ ಬೇಲಿಯನ್ನು ಚಿಕ್ಕದು ಮಾಡಿ, ಮೀನು ಒಣಗಿಸುವ ಜಾಗ ಬಿಟ್ಟುಕೊಡಲು ಒಪ್ಪಿದರು. ಗೂಡು ಕಾಯಲು ನಮ್ಮ ಹುಡುಗರನ್ನೇ ದಿನಗೂಲಿಗೆ ತೆಗೆದುಕೊಂಡರು. ಕೂಲಿ ತಡವಾಗಿ ಬರುತ್ತದೆ, ಅದು ಬೇರೆ ಕಥೆ.

ಮೊದಲ ವರ್ಷದ ಒಂದು ರಾತ್ರಿ ಹೇಳಬೇಕು. ನೂರಕ್ಕೂ ಹೆಚ್ಚು ಮೊಟ್ಟೆ ಇದ್ದ ಗೂಡು, ಐವತ್ತು ದಿನ ಕಳೆದಿತ್ತು. ನಡುರಾತ್ರಿ ಮರಳು ಕುಸಿದು ಮರಿಗಳು ಮೇಲೆ ಬಂದವು, ಬೆಂಕಿಪೆಟ್ಟಿಗೆಗಿಂತ ಚಿಕ್ಕವು. ಬಂದವು, ತಿರುಗಿದವು, ಕಡಲಿಗೆ ಬೆನ್ನು ಹಾಕಿ ರಸ್ತೆಯ ಕಡೆ ಹೊರಟವು. ಅಲ್ಲಿ ನಾವೇ ಪಂಚಾಯಿತಿಗೆ ನಾಲ್ಕು ಅರ್ಜಿ ಕೊಟ್ಟು ಹಾಕಿಸಿಕೊಂಡಿದ್ದ ದೊಡ್ಡ ದೀಪದ ಕಂಬ ಇತ್ತು. ಬಕೆಟ್ಟಿನಲ್ಲಿ ಹೆಕ್ಕಿ ಹೆಕ್ಕಿ ನೀರಿನ ಅಂಚಿಗೆ ತಂದು ಬಿಟ್ಟೆವು. ಬೆಳಗ್ಗೆ ದೀಪ ಆರಿಸುವ ಮಾತು ಎತ್ತಿದರೆ ಹೆಂಗಸರು ಒಪ್ಪಲಿಲ್ಲ; ನಸುಕಿನಲ್ಲಿ ಮೀನಿಗೆ ಬರುವವರು ಅವರು, ನಾಯಿಗಳ ಕಾಟ ಅವರಿಗೆ. ಕೊನೆಗೆ ದೀಪಕ್ಕೆ ಕಡಲ ಬದಿಯಲ್ಲಿ ತಗಡಿನ ಮರೆ ಕಟ್ಟಿದೆವು. ನೋಡಲು ಚೆನ್ನಾಗಿಲ್ಲ, ಕೆಲಸ ನಡೆಯುತ್ತಿದೆ.

ನಡೆಯದೆ ಉಳಿದದ್ದೂ ಇದೆ. ಹೊರಗಿನ ದೊಡ್ಡ ಬೋಟುಗಳು ರಾತ್ರಿ ಬೆಳಕು ಹಾಕಿ ಮೀನು ಹಿಡಿಯುವುದಕ್ಕೆ ನಿಷೇಧ ಇದ್ದರೂ ನಮ್ಮ ಚೌಕಗಳಾಚೆ ಆ ಬೆಳಕು ಕಾಣುತ್ತಲೇ ಇರುತ್ತದೆ. ರಾತ್ರಿ ಬಲೆ ಬಿಡಬೇಡ ಎಂದು ನಾನು ಗದರಿಸಿದ ಹುಡುಗ ಆ ಬೆಳಕಿನ ಕಡೆ ಕೈ ತೋರಿಸಿದರೆ ನನ್ನ ಹತ್ತಿರ ಉತ್ತರ ಇಲ್ಲ. ಪ್ರತಿ ಸಭೆಯ ನಡಾವಳಿಯಲ್ಲೂ ಇದನ್ನು ಬರೆಯುತ್ತೇನೆ, ಪ್ರತಿ ಸಲವೂ 'ಸಂಬಂಧಿಸಿದ ಇಲಾಖೆಗೆ ತಿಳಿಸಲಾಗುವುದು' ಎಂದು ಮುಗಿಯುತ್ತದೆ. ಬಲೆ ಕತ್ತರಿಸಿ ಆಮೆ ಬಿಟ್ಟವರಿಗೆ ಪರಿಹಾರದ ವಿಷಯವೂ ಹಾಗೆಯೇ. ಮಹಾರಾಷ್ಟ್ರದಲ್ಲಿ 25,000 ರೂಪಾಯಿವರೆಗೆ ಕೊಡುವ ಯೋಜನೆ ಇದೆ. ಅದರ ಆದೇಶದ ಪ್ರತಿ ತರಿಸಿ ನಮ್ಮ ಅರ್ಜಿಗೆ ಲಗತ್ತಿಸಿದ್ದೇನೆ.

ನನ್ನ ಬಲೆಯಲ್ಲೇ ಕಳೆದ ಫೆಬ್ರವರಿಯಲ್ಲಿ ಒಂದು ಆಮೆ ಸಿಕ್ಕಿತ್ತು. ಮುಂಗಾಲಿಗೆ ಮೂರು ಸುತ್ತು. ಬಿಡಿಸಲು ನೋಡಿದೆ, ಆಗಲಿಲ್ಲ, ಕತ್ತಿ ಹಾಕಿದೆ. ಒಂದೂವರೆ ಮಾರು ತೂತು. ದೊಡ್ಡಪ್ಪ ಈಗ ಅದಕ್ಕೇ ಕುಳಿತಿದ್ದಾರೆ, ಆಗಸ್ಟ್ ಒಂದಕ್ಕೆ ಮೊದಲು ಮುಗಿಯಬೇಕು. ಮೊನ್ನೆ ಗಂಟು ಹಾಕುತ್ತಾ, ನಕ್ಷೆಯಲ್ಲಿ ಒಂದು ಕಲ್ಲು ಬಿಟ್ಟಿದೆ ಎಂದರು. ಎಲ್ಲಿ ಎಂದು ಕೇಳಿದೆ. 'ಬಿಟ್ಟಿದೆ ಎಂದು ಹೇಳಿದೆ, ಅಷ್ಟೇ' ಎಂದು ಸೂಜಿಗೆ ನೂಲು ಸುತ್ತತೊಡಗಿದರು.