ಆಮ್‌ಸ್ಟರ್‌ಡ್ಯಾಂ: ರೂಮು ಬುಕ್ ಮಾಡೋ ಮುಂಚೆ ಈ ಲೆಕ್ಕ ಹಾಕಿ

ರಜೆಗೆ ನಾಲ್ಕು ದಿನ ಆಮ್‌ಸ್ಟರ್‌ಡ್ಯಾಂ ಸುತ್ತುವ ಯೋಚನೆ ಇದೆಯಾ? ಹಾಗಿದ್ದರೆ ರೂಮಿನ ಫೋಟೊ ನೋಡುವ ಮೊದಲು ಕ್ಯಾಲ್ಕುಲೇಟರ್ ತೆಗೆಯಿರಿ.

ಮೊದಲು ತೆರಿಗೆ. ಅಲ್ಲಿನ ನಗರಾಡಳಿತ 2024ರಿಂದ ರೂಮಿನ ಬಾಡಿಗೆ ಮೇಲೆ ಶೇ 12.5 ಪ್ರವಾಸಿ ತೆರಿಗೆ ಹಾಕುತ್ತಿದೆ. ಸಾಲದ್ದಕ್ಕೆ, ಹೋಟೆಲ್ ರೂಮಿನ ವ್ಯಾಟ್ 2026ರ ಜನವರಿಯಿಂದ ಶೇ 9ರಿಂದ 21ಕ್ಕೆ ಏರಿದೆ. ಮೂಲ ಬಾಡಿಗೆ 150 ಯೂರೋ ಅಂತಿಟ್ಟುಕೊಳ್ಳಿ. ವ್ಯಾಟ್ 31.50, ಪ್ರವಾಸಿ ತೆರಿಗೆ 18.75. ಅಲ್ಲಿಗೆ 200 ದಾಟಿತು! ನಾಲ್ಕು ರಾತ್ರಿಗೆ ಪ್ರವಾಸಿ ತೆರಿಗೆಯೇ 75 ಯೂರೋ. ಕೆಲವು ಕಡೆ ವ್ಯಾಟ್ ಸೇರಿಸಿ ದರ ತೋರಿಸಿ, ಪ್ರವಾಸಿ ತೆರಿಗೆಯನ್ನು ಹೋಟೆಲಿನಲ್ಲೇ ಕಟ್ಟಿ ಅನ್ನುತ್ತಾರೆ. ದುಡ್ಡು ಕಟ್ಟುವ ಪುಟದ ಸಣ್ಣ ಅಕ್ಷರಗಳನ್ನು ಬಿಡದೆ ಓದಿ.

ಆಮೇಲೆ ಜಾಗ. ಅಪ್ಪ, ಅಮ್ಮ, ಮಕ್ಕಳು ಸೇರಿ ಆರು ಜನ ಒಂದೇ ಮನೆ ಹಿಡಿಯೋಣ ಅಂದರೆ ಕಷ್ಟ. ಜನ ತಮ್ಮ ಸ್ವಂತ ಮನೆಯನ್ನು ಪ್ರವಾಸಿಗರಿಗೆ ಕೊಡುವಾಗ ಒಂದು ಸಲಕ್ಕೆ ನಾಲ್ಕೇ ಜನ ಎಂಬ ನಿಯಮ ಇದೆ. ಕಾಲುವೆ ಪಕ್ಕದ ಹಳೇ ಕಟ್ಟಡಗಳು ನೋಡೋಕೆ ಚಂದ, ಆದರೆ ಒಳಗಿನ ಮೆಟ್ಟಿಲು ಅಟ್ಟದ ಏಣಿಯಷ್ಟು ಕಡಿದು. ಮಂಡಿನೋವಿನ ಅಮ್ಮ, 23 ಕೆಜಿ ಸೂಟ್‌ಕೇಸು, ಮೂರನೇ ಮಹಡಿ: ಯೋಚನೆ ಮಾಡಿ. ಲಿಫ್ಟ್ ಇದೆಯಾ ಅಂತ ಮೊದಲೇ ಬರೆದು ಕೇಳಿ. ನನ್ನನ್ನು ಕೇಳಿದರೆ ನಡುಪೇಟೆಯ ಹಟ ಬೇಡ. ಉತ್ತರದ ನೋರ್ಡ್ ಕಡೆ 52ನೇ ನಂಬರಿನ ಮೆಟ್ರೋ ಇದೆ, ನಗರದ ಮುಖ್ಯ ರೈಲು ನಿಲ್ದಾಣ ಸೆಂಟ್ರಾಲ್‌ಗೆ ಕೆಲವೇ ನಿಮಿಷ.

ಇನ್ನು ಓಡಾಟ. ಟ್ರಾಮ್, ಮೆಟ್ರೋ, ಸಿಟಿ ಬಸ್ಸು ನಗರದ ಸಾರಿಗೆ ಸಂಸ್ಥೆ ಜಿವಿಬಿಯವು. ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಸೆಂಟ್ರಾಲ್‌ಗೆ ಕಾಲು ಗಂಟೆಯಲ್ಲಿ ತಲುಪಿಸುವ ರೈಲು ಡಚ್ ರೈಲ್ವೆ ಕಂಪನಿ ಎನ್‌ಎಸ್‌ನದು. ಜಿವಿಬಿ ಪಾಸ್ ಈ ರೈಲಿಗೆ ನಡೆಯಲ್ಲ. ದಿನಕ್ಕೆ ಎರಡು ಸಲ ಮಾತ್ರ ಟ್ರಾಮ್ ಹತ್ತುವವರಿಗೆ ಪಾಸೇ ಬೇಡ. ವೀಸಾ ಅಥವಾ ಮಾಸ್ಟರ್‌ಕಾರ್ಡನ್ನು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಮೆಷಿನ್‌ಗೆ ಮುಟ್ಟಿಸಿದರೆ ಮುಗೀತು. ಹೊರಡುವ ಮೊದಲೇ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ಬಳಕೆ ಮತ್ತು ಟ್ಯಾಪ್ ಪಾವತಿ, ಎರಡನ್ನೂ ಆನ್ ಮಾಡಿಕೊಳ್ಳಿ. ನಮ್ಮ ಕಾರ್ಡುಗಳಲ್ಲಿ ಇವು ಎಷ್ಟೋ ಸಲ ಆಫ್ ಆಗಿಯೇ ಇರುತ್ತವೆ. ಟ್ರಾಮಿನಲ್ಲಿ ನೋಟು ಕೊಟ್ಟರೆ ತಗೊಳ್ಳಲ್ಲ.

ಒಬ್ಬರಿಗೆ ಒಂದು ಕಾರ್ಡು. ಗಂಡ ಹೆಂಡತಿ ಇಬ್ಬರೂ ಒಂದನ್ನೇ ಮುಟ್ಟಿಸಿದರೆ, ಎರಡನೆಯವರು ಮುಟ್ಟಿಸಿದ್ದು ಮೊದಲನೆಯವರು ಇಳಿದ ಲೆಕ್ಕ! ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ನಾನು ಒಮ್ಮೆ ಹತ್ತುವಾಗ ಕಾರ್ಡು, ಇಳಿಯುವಾಗ ಅದೇ ಕಾರ್ಡು ಹಾಕಿಟ್ಟಿದ್ದ ಫೋನು ಮುಟ್ಟಿಸಿದೆ. ಮೆಷಿನ್ ಪಾಲಿಗೆ ಅವೆರಡೂ ಬೇರೆ ಬೇರೆ. ಇಳಿದ ಮೇಲೂ ಲೆಕ್ಕದಲ್ಲಿ ನಾನು ಟ್ರಾಮಿನಲ್ಲೇ ಕೂತಿದ್ದೆ, ಅದಕ್ಕೆ ಜಾಸ್ತಿ ದುಡ್ಡು ಹೋಯ್ತು.

ಆದರೆ ಸೆಂಟ್ರಾಲ್ ನಿಲ್ದಾಣದ ಹಿಂಬದಿಗೆ ಹೋಗಿ ನೋಡಿ. ಐ (IJ) ಎಂಬ ಜಲಮಾರ್ಗದಾಚೆ ನೋರ್ಡ್‌ಗೆ ದಾಟಿಸುವ ಫೆರಿ ಪೂರ್ತಿ ಬಿಟ್ಟಿ. ಅಲ್ಲಿ ಮುಟ್ಟಿಸೋಕೆ ಮೆಷಿನ್ನೇ ಇಲ್ಲ. ಸೈಕಲ್‌ನವರ ನಡುವೆ ಸುಮ್ನೆ ಹತ್ತಿ ನಿಂತುಕೊಳ್ಳಿ.